ಬಾಲದ ಬುಡದ ಗಂಟು

ಬೆಕ್ಕು ಕಾಂಡಿ, ಮಗ್ಗದ ಮೋಟಾರಿನ ಪಕ್ಕದ ಹಲಗೆಗೆ ಜಿಗಿಯುವುದನ್ನು ಬಿಟ್ಟದ್ದು ಯಾವ ದಿನವೆಂದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ದೀಪಾವಳಿ ಹೊತ್ತಿಗೆ ಅವಳು ಇನ್ನೂ ಹಲಗೆಯ ಮೇಲೆಯೇ, ಮೋಟಾರಿನ ಬಿಸಿಗೆ ಬೆನ್ನು ಕೊಟ್ಟು ಮಲಗುತ್ತಿದ್ದಳು. ಸಂಕ್ರಾಂತಿ ಹೊತ್ತಿಗೆ ಕೆಳಗೆ, ಎರಡು ಮಗ್ಗಗಳ ನಡುವೆ ಎಣ್ಣೆ ತೊಟ್ಟಿಕ್ಕುವ ನೆಲದ ಮೇಲೆ ಮಲಗತೊಡಗಿದ್ದಳು. ಮಗ್ಗ ನಡೆಸುವ ತುಷಾರ, ಬೆಕ್ಕಿಗೆ ಸೊಕ್ಕು ಬಂದಿದೆ, ಕಾಲಡಿಗೇ ಬರುತ್ತದೆ ಎಂದ. ಅವನ ಹೆಂಡತಿ ಸಾರಿಕಾ, ಸೊಕ್ಕಲ್ಲ, ವಯಸ್ಸು ಎಂದಳು. ತುಷಾರನ ತಂದೆ ಜ್ಞಾನು ಒಂದು ಖಾಲಿ ಡಬ್ಬಿಯನ್ನು ಹಲಗೆಯ ಪಕ್ಕ ಬೋರಲು ಹಾಕಿ ಮೆಟ್ಟಿಲು ಮಾಡಿಕೊಟ್ಟ. ಕಾಂಡಿ ಅದರ ಮೇಲೆ ಮುಂಗಾಲಿಟ್ಟಳು, ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದಳು, ಕಾಲು ತೆಗೆದಳು.

ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ ಅವರ ಮನೆ. ಮುಂದೆ ಆರು ಮಗ್ಗದ ಶೆಡ್ಡು, ಹಿಂದೆ ಎರಡು ಖೋಲಿ. ಹದಿನಾಲ್ಕು ವರ್ಷದ ಹಿಂದೆ ಇಲಿಗಳು ಒಂದೇ ವಾರದಲ್ಲಿ ಮಗ್ಗಕ್ಕೆ ಏರಿಸುವ ಎರಡು ಬೀಮುಗಳಿಗೆ ಸುತ್ತಿದ ನೂಲು ಕಡಿದುಹಾಕಿದಾಗ, ಜ್ಞಾನುವಿನ ಹೆಂಡತಿ ಬಯಾಬಾಯಿ ನೂಲ ಎಂಬ ತವರೂರಿಗೆ ಹೋಗಿ ಈ ಮರಿಯನ್ನು ತಂದಿದ್ದಳು. ದಾರಿ ಕಂಡರೆ ತಿರುಗಿ ಹೋಗುತ್ತದೆಂದು ಚೀಲದ ಬಾಯಿ ಕಟ್ಟಿ, ಗಡಹಿಂಗ್ಲಜದಿಂದ ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ಅಲ್ಲಿ ಕಾಂಡಿ ಅನ್ನುತ್ತಾರೆ. ಚೀಲ ಬಿಚ್ಚಿದ ಕೂಡಲೆ ಮರಿ ಹೋಗಿ ಕಾಂಡಿಗಳ ಬುಟ್ಟಿಯಲ್ಲಿ ಮಲಗಿತು. ಹೆಸರನ್ನು ಯಾರೂ ಇಡಬೇಕಾಗಲಿಲ್ಲ. ಆಮೇಲೆ ಆ ಶೆಡ್ಡಿನಲ್ಲಿ ಇಲಿ ಕಡಿದ ಬೀಮು ಒಂದೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಜ್ಞಾನು ಅವಳ ಬೆನ್ನು ಸವರಿದ. ಸೊಂಟದ ಹತ್ತಿರ ಕೈ ಹೋದದ್ದೇ ತಡ, ಕಾಂಡಿ ತಿರುಗಿ ಕಚ್ಚಿದಳು. ಹದಿನಾಲ್ಕು ವರ್ಷದಲ್ಲಿ ಅದು ಮೊದಲ ಸಲ. ಜ್ಞಾನು ರಕ್ತ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದ. ಸೊಂಟದಿಂದ ಬಾಲದವರೆಗೆ ಕೂದಲು ಕೂದಲಾಗಿ ಉಳಿದಿರಲಿಲ್ಲ. ಶೆಡ್ಡಿನಲ್ಲಿ ಹಗಲೂ ರಾತ್ರಿ ಹಾರುವ ನೂಲಿನ ಧೂಳು, ನೂಲಿಗೆ ಹಚ್ಚಿದ ಗಂಜಿಯ ಪುಡಿ, ನೆಲದ ಎಣ್ಣೆ, ಎಲ್ಲ ಸೇರಿ ಕಂಬಳಿಯಂತೆ ಗಟ್ಟಿಯಾಗಿ ಏಳೆಂಟು ಗಂಟುಗಳಾಗಿದ್ದವು. ಅವಳು ಕಾಲೆತ್ತಿದಾಗಲೆಲ್ಲ ಆ ಗಂಟುಗಳು ಚರ್ಮ ಜಗ್ಗುತ್ತಿದ್ದವು. ಮುಂದಿನ ಅರ್ಧ ಮೈ ಮಾತ್ರ ಮೊದಲಿನಂತೆಯೇ ಬೆಳ್ಳಗಿತ್ತು. ಅಲ್ಲಿಯವರೆಗೆ ಅವಳ ನಾಲಿಗೆ ಮುಟ್ಟುತ್ತಿತ್ತು. ಅದರಾಚೆ ಹೊರಳಲು ಆಗುತ್ತಿರಲಿಲ್ಲ.

ಕತ್ತರಿ ತಂದು ಕತ್ತರಿಸಿಬಿಡೋಣವೆಂದು ಜ್ಞಾನು ಎದ್ದವನನ್ನು ಸಾರಿಕಾ ತಡೆದಳು. ಚರ್ಮ ಎಲ್ಲಿ, ಗಂಟು ಎಲ್ಲಿ ಎಂದು ಕಾಣುವುದಿಲ್ಲ, ಕೊಲ್ಹಾಪುರದಲ್ಲಿ ನಾಯಿ ಬೆಕ್ಕು ನೋಡುವ ಡಾಕ್ಟರಿದ್ದಾರೆ ಎಂದಳು. ಮರುದಿನ ಮಾವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು, ಬೆಕ್ಕಿನ ಬುಟ್ಟಿಯನ್ನು ಅವನ ತೊಡೆಯ ಮೇಲಿಟ್ಟು ಹೊರಟಳು. ಬುಟ್ಟಿಯ ಬಾಯಿಗೆ ಬಯಾಬಾಯಿ ತನ್ನ ಹಳೆಯ ಸೀರೆಯ ತುಂಡು ಕಟ್ಟಿದ್ದಳು.

ಡಾಕ್ಟರ್ ನೂತನ ಇನ್ನೂ ಚಿಕ್ಕ ವಯಸ್ಸಿನವರು. ಮೆಲ್ಲಗೆ ಮುಟ್ಟಿ, ಎಕ್ಸ್‌ರೇ ತೆಗೆದು, ಸಂಧಿವಾತ ಎಂದರು. ಸೊಂಟದ ಎರಡೂ ಕೀಲು ಸವೆದಿವೆ. ಇದು ವಾಸಿಯಾಗುವುದಿಲ್ಲ, ನೋವನ್ನು ಕಡಿಮೆ ಮಾಡಬಹುದು. ಗಂಟುಗಳನ್ನು ಮದ್ದು ಕೊಟ್ಟು ಮಲಗಿಸಿ ಬೋಳಿಸಬಹುದಿತ್ತು, ಆದರೆ ಮೂತ್ರಪಿಂಡ ಅಷ್ಟು ಚೆನ್ನಾಗಿಲ್ಲ, ಮಲಗಿದವಳು ಏಳದೇ ಹೋದರೆ ಕಷ್ಟ. ದಿನಕ್ಕೆ ಹತ್ತು ನಿಮಿಷ, ಹತ್ತೇ ನಿಮಿಷ, ಮೆಲ್ಲಗೆ ಬಿಡಿಸಿರಿ. ಸ್ನಾನ ಬೇಡ. ಮನುಷ್ಯರ ಗುಳಿಗೆ, ಮುಲಾಮು, ಬೇವಿನೆಣ್ಣೆ, ಕರ್ಪೂರ ಯಾವುದೂ ಬೇಡ, ಬೆಕ್ಕಿಗೆ ಎಲ್ಲವೂ ವಿಷ ಎಂದರು. ನೋವಿನ ಔಷಧವನ್ನು ಸಣ್ಣ ಪಿಚಕಾರಿಯಲ್ಲಿ ಎಷ್ಟು ಎಳೆಯಬೇಕೆಂದು ಗೆರೆ ಹಾಕಿ ಕೊಟ್ಟರು. ಹೊರಡುವಾಗ ಮುದುಕನನ್ನೇ ನೋಡಿ ಮರಾಠಿಯಲ್ಲಿ, "ಆಜೋಬಾ, ಮಲಾ ವಿಚಾರಲ್ಯಾಶಿವಾಯ ಕಾಹೀ ಲಾವೂ ನಕಾ," ಎಂದರು. ತನ್ನನ್ನು ಕೇಳದೆ ಏನನ್ನೂ ಹಚ್ಚಬೇಡಿ ಎಂದು. ಜ್ಞಾನು ತಲೆಯಾಡಿಸಿದ.

ಅವನು ಆ ಮಾತನ್ನು ಅಕ್ಷರ ಬಿಡದೆ ಪಾಲಿಸಿದ. ರಾತ್ರಿ ತನ್ನ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ಮುಲಾಮಿನ ಡಬ್ಬಿಯನ್ನು ಮೇಲಿನ ಗೂಡಿಗೆ ಸೇರಿಸಿದ. ಕೈಗೆ ಅದರ ವಾಸನೆ ಉಳಿದೀತೆಂದು ಹಚ್ಚಿಕೊಳ್ಳುವುದನ್ನೇ ಬಿಟ್ಟ. ಬೆಳಿಗ್ಗೆ ಅವನು ಎದ್ದು ನಿಲ್ಲಲು ಗೋಡೆ ಹಿಡಿಯುವಾಗ ಬಯಾಬಾಯಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಗಂಟು ಬಿಡಿಸುವ ಕೆಲಸಕ್ಕೆ ಆ ಮನೆಯಲ್ಲಿ ಆ ಇಬ್ಬರಿಗಿಂತ ತಕ್ಕವರು ಇರಲಿಲ್ಲ. ಜ್ಞಾನು ನಲವತ್ತು ವರ್ಷ ವಹಿಫಣಿಯ ಕೆಲಸ ಮಾಡಿದವನು. ಹೊಸ ಬೀಮು ಬಂದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ವಹಿಯ ತಂತಿಗಳ ಕಣ್ಣಿಗೆ ಸೇರಿಸಿ, ಎರಡೆರಡಾಗಿ ಫಣಿ ಎಂಬ ದೊಡ್ಡ ಬಾಚಣಿಗೆಯ ಹಲ್ಲುಗಳ ಸಂದಿಯಲ್ಲಿ ತೂರಿಸಬೇಕು. ಹಿಂದೆ ಒಬ್ಬರು ಕೂತು ಎಳೆ ಆರಿಸಿ ಕೊಡುತ್ತಾರೆ, ಮುಂದೆ ಒಬ್ಬರು ಸಣ್ಣ ಕೊಕ್ಕೆಯಿಂದ ಎಳೆದುಕೊಳ್ಳುತ್ತಾರೆ. ಒಂದು ಎಳೆ ತಪ್ಪಿದರೂ ಅಲ್ಲಿಂದ ಮುಂದಿನದನ್ನೆಲ್ಲ ಬಿಚ್ಚಿ ಮತ್ತೆ ತುಂಬಬೇಕು. ಜ್ಞಾನುವಿಗೆ ಹಿಂದೆ ಕೂತು ಎಳೆ ಕೊಟ್ಟವಳು ಯಾವಾಗಲೂ ಬಯಾಬಾಯಿಯೇ. ನಡುವೆ ಇಳಿಬಿದ್ದ ನೂಲಿನ ಸಂದಿಯಿಂದ ಒಬ್ಬರ ಬೆರಳು ಇನ್ನೊಬ್ಬರಿಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಣ್ಣು ಮಂದವಾದ ಮೇಲೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು.

ಈಗ ಬೆಕ್ಕನ್ನು ನಡುವೆ ಮಲಗಿಸಿಕೊಂಡು ಹಾಗೆಯೇ ಎದುರುಬದುರು ಕೂರುತ್ತಿದ್ದರು. ಬಯಾಬಾಯಿ ಒಂದು ಕೈಯಲ್ಲಿ ಗಂಟಿನ ಬುಡವನ್ನು ಚರ್ಮಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನಾಲ್ಕೈದು ಕೂದಲು ಬೇರ್ಪಡಿಸಿ ಕೊಡುವಳು. ಜ್ಞಾನು ಕೊಕ್ಕೆಯ ಮೊನೆಯಿಂದ ಅವನ್ನು ಬಿಡಿಸಿಕೊಳ್ಳುವನು. ಹತ್ತು ನಿಮಿಷಕ್ಕೆ ಸಾರಿಕಾ ಮೊಬೈಲಿನಲ್ಲಿ ಗಂಟೆ ಇಟ್ಟಿದ್ದಳು. ಗಂಟೆ ಬಾರಿಸಿದರೆ ಅರ್ಧ ಎಳೆಯಲ್ಲಿದ್ದರೂ ಅವನು ಕೈ ತೆಗೆಯುತ್ತಿದ್ದ.

ಪಕ್ಕದ ಮನೆಯಲ್ಲಿ ನೂಲಿನ ಕಾಂಡಿ ಸುತ್ತುವ ಗಂಗುಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಯಾಕ್ಕಾ, ನಲವತ್ತ ವರ್ಷದಾಗ ಇವರು ನಿನ್ನ ತಲಿ ಒಮ್ಮೆರೆ ಬಾಚ್ಯಾರೇನ?"

"ನನ್ನ ತಲೀನ ಅವರು ಈಗೀಗ ನೋಡಾಕತ್ತಾರ. ಇಷ್ಟ ದಿನ ನಡುವ ಬೀಮ್ ಇತ್ತಲ್ಲ."

"ಬೀಮ್ ಹೋತು, ಬೆಕ್ಕ ಬಂತು. ನಿನ್ನ ನಸೀಬದಾಗ ನಡುವ ಏನರೆ ಒಂದು ಇರೂದ."

ಜ್ಞಾನು ತಲೆ ಎತ್ತದೆ, ಮಾತಾಡಿದರೆ ಆಕೆ ಅಲುಗಾಡುತ್ತಾಳೆ ಎಂದ. ಯಾರು, ಕಾಂಡಿಯೋ ಬಯಾಬಾಯಿಯೋ ಎಂದು ಗಂಗುಬಾಯಿ ಕೇಳಿದಳು.

ಔಷಧ ಮೊದಲ ವಾರ ಏನೂ ಮಾಡಿದಂತೆ ಕಾಣಲಿಲ್ಲ. ಎರಡನೆಯ ವಾರ ಕಾಂಡಿ ಡಬ್ಬಿಯ ಮೇಲೆ ಹತ್ತಿದಳು, ಹಲಗೆಗೆ ಮಾತ್ರ ಹೋಗಲಿಲ್ಲ. ಜ್ಞಾನು ನೀರಿನ ಬಟ್ಟಲಿನ ಕೆಳಗೆ ಎರಡು ಇಟ್ಟಿಗೆ ಇಟ್ಟು, ಅವಳು ಕುತ್ತಿಗೆ ಬಗ್ಗಿಸದೆ ಕುಡಿಯುವಂತೆ ಮಾಡಿದ. ಮರಳಿನ ಟ್ರೇಯ ಒಂದು ಬದಿಯನ್ನು ಗರಗಸದಿಂದ ಕೊಯ್ದು ತಗ್ಗಿಸಿದ. ಗಂಟುಗಳು ಒಂದೊಂದಾಗಿ ಹೋದವು. ಕಡೆಗೆ ಬಾಲದ ಬುಡದಲ್ಲಿ ಒಂದೇ ಉಳಿಯಿತು.

ಅದು ಬೇರೆಯವುಗಳಂತಿರಲಿಲ್ಲ. ಕಪ್ಪಗಿತ್ತು, ಚಪ್ಪಟೆಯಾಗಿತ್ತು, ಹಳೆಯ ಎಣ್ಣೆ ಕುಡಿದು ತೊಗಲಿನಂತಾಗಿತ್ತು. ಕೊಕ್ಕೆಯ ಮೊನೆ ಒಳಗೆ ಇಳಿಯುತ್ತಿರಲಿಲ್ಲ. ಐದು ದಿನ ಕೂತರೂ ಹತ್ತು ಕೂದಲು ಬಿಡಲಿಲ್ಲ. ಆರನೆಯ ದಿನ ಅದರ ಅಂಚಿನಲ್ಲಿ ಚರ್ಮ ಕೆಂಪಾಗಿ ಒಸರುತ್ತಿತ್ತು. ಅಂದು ಕಾಂಡಿ ಕಚ್ಚಲಿಲ್ಲ, ಕಣ್ಣು ಮುಚ್ಚಿ ಸಣ್ಣಗೆ ಒಂದೇ ದನಿಯಲ್ಲಿ ನರಳುತ್ತಿದ್ದಳು.

ಮರುದಿನ ಜ್ಞಾನು ಕೂರುವ ಮೊದಲು ಶೆಡ್ಡಿನ ಗೂಡಿನಿಂದ ಕಲೆ ತೆಗೆಯುವ ಡಾಗಿನ ಔಷಧದ ಬಾಟಲಿ ತಂದ. ನೇಯ್ದ ಬಟ್ಟೆಯ ಮೇಲೆ ಎಣ್ಣೆಯ ಹನಿ ಬಿದ್ದು ಕಲೆಯಾದರೆ, ಬಟ್ಟೆಯನ್ನು ಮಡಿಸಿ ಕಳಿಸುವ ಮುಂಚೆ ಅದರ ಮೇಲೆ ಆ ಔಷಧ ಒತ್ತುತ್ತಾರೆ. ಕೆಳಗೆ ಒಂದು ಹಳೆಯ ಬಟ್ಟೆ, ಮೇಲೆ ಔಷಧದಲ್ಲಿ ಅದ್ದಿದ ಹತ್ತಿ. ಎಣ್ಣೆ ಕರಗಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ, ಔಷಧ ಗಾಳಿಗೆ ಹಾರಿಹೋಗುತ್ತದೆ, ಗಳಿಗೆಯಲ್ಲಿ ಕಲೆಯೂ ಇಲ್ಲ, ವಾಸನೆಯೂ ಇಲ್ಲ. ಜ್ಞಾನು ಇದನ್ನು ಹುಟ್ಟಿದಾಗಿನಿಂದ ನೋಡಿದ್ದ. ಗುಳಿಗೆಯಲ್ಲ, ಮುಲಾಮಲ್ಲ, ಇದು ಬಟ್ಟೆಯ ಸಾಮಾನು. ಡಾಕ್ಟರನ್ನು ಕೇಳಬೇಕಾದ ವಸ್ತುಗಳಲ್ಲಿ ಇದೂ ಒಂದೆಂದು ಅವನ ತಲೆಗೆ ಬರಲೇ ಇಲ್ಲ.

ಬಯಾಬಾಯಿ ಬಾಟಲಿ ನೋಡಿ ಕೈ ತಡೆದಳು. "ನೆಕ್ಕಿದ್ರ?"

"ಅಲ್ಲಿ ಹ್ಯಾಂಗ ನೆಕ್ತಾಳ? ಆ ಕಡೆ ತಲೀ ಹೊರಳಿಸಿ ವರ್ಷ ಆತು ಆಕಿ."

ಅದು ನಿಜವಾಗಿತ್ತು. ಬಯಾಬಾಯಿ ಗಂಟಿನ ಬುಡ ಹಿಡಿದಳು. ಅವನು ಗಂಟಿನ ಕೆಳಗೆ ಬಟ್ಟೆ ತೂರಿಸಿ, ಚರ್ಮಕ್ಕೆ ತಾಗದಂತೆ ಹತ್ತಿ ಒತ್ತಿದ. ಕಪ್ಪು ಎಣ್ಣೆ ಕೆಳಗಿಳಿಯಿತು. ಕೊಕ್ಕೆ ಒಳಗೆ ಹೋಯಿತು. ಇಷ್ಟು ದಿನ ಕಲ್ಲಿನಂತಿದ್ದುದು ಅಂಚಿನಿಂದ ಸಡಿಲಾಗಿ ಅರ್ಧದಷ್ಟು ಬಂದಿತು. ಇನ್ನು ಸ್ವಲ್ಪ ಹೊತ್ತು ಸಿಕ್ಕರೆ ಪೂರ್ತಿ ಬರುತ್ತಿತ್ತು. ಅಷ್ಟರಲ್ಲಿ ಸಾರಿಕಾಳ ಗಂಟೆ ಬಾರಿಸಿತು. ಜ್ಞಾನು ಬೆಕ್ಕಿನ ಮುಖ ನೋಡಿ ಕೊಕ್ಕೆ ಕೆಳಗಿಟ್ಟ. ಉಳಿದರ್ಧವನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ನಾಳೆ ನೋಡೋಣ ಎಂದ.

ಮರುದಿನ ಬೆಳಿಗ್ಗೆ ಅವನು ಶೆಡ್ಡಿನ ನೆಲದ ಮೇಲೆ ಕಾಲು ಮಡಿಸಿ ಕೂತು ಒಂದು ಹರಿದ ಬೀಮಿನ ಎಳೆಗಳನ್ನು ಜೋಡಿಸುತ್ತಿದ್ದ. ಆಚೆ ಕಡೆಯಿಂದ ಸಾರಿಕಾ ಕರೆದಳು.

"ಅತ್ತಿ, ಬರ್ರಿ ಇಲ್ಲೆ, ಲಗೂನ ಬರ್ರಿ. ಕಾಂಡಿ ನೋಡ್ರಿ ಏನ ಮಾಡಾಕತ್ತಾಳ."

ಕಾಂಡಿ ಬಾಗಿಲ ಬಿಸಿಲಿನಲ್ಲಿ ಕೂತಿದ್ದಳು. ಒಂದು ಹಿಂಗಾಲನ್ನು ಮೇಲೆತ್ತಿ, ಕುತ್ತಿಗೆಯನ್ನು ಪೂರ್ತಿ ಹೊರಳಿಸಿ, ಸೊಂಟ ನೆಕ್ಕಿಕೊಳ್ಳುತ್ತಿದ್ದಳು. ಮೆಲ್ಲಗೆ, ನಡುನಡುವೆ ನಿಲ್ಲಿಸಿ, ಮತ್ತೆ ಶುರುಮಾಡಿ. ಮರಿಯಾಗಿದ್ದಾಗ ಹೇಗೋ ಹಾಗೆಯೇ. ಸಾರಿಕಾ ಮೊಬೈಲು ತೆಗೆದು ವಿಡಿಯೊ ಹಿಡಿದಳು. ತುಷಾರ ಒಂದು ಮಗ್ಗ ನಿಲ್ಲಿಸಿ ಬಂದು ನಿಂತ. ನೋವಿನ ಔಷಧ ಹತ್ತಿತು ನೋಡು ಎಂದು ಅಪ್ಪನ ಕಡೆ ನೋಡಿ ನಕ್ಕ. ಜ್ಞಾನುವೂ ಕೂತಲ್ಲಿಂದಲೇ ನೋಡಿ ನಕ್ಕ. ಅವನಿಗೆ ಡಾಕ್ಟರಿಗೆ ಈಗಲೇ ಫೋನು ಮಾಡಿ ಹೇಳಬೇಕೆನ್ನಿಸಿತು. ಕಾಂಡಿಯ ನಾಲಿಗೆ ಸೊಂಟದಿಂದ ಇನ್ನೂ ಕೆಳಗೆ ಇಳಿಯಿತು. ಬಾಲದ ಬುಡಕ್ಕೆ ಬಂದಿತು.

ಅವನ ನಗು ಹಾಗೆಯೇ ನಿಂತಿತು.

"ಹಿಡೀರಿ ಆಕಿನ್ನ," ಎಂದ.

ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಏಳಲು ಹೋದ. ಗಂಟೆಗಟ್ಟಲೆ ಮಡಿಸಿದ್ದ ಮೊಣಕಾಲು ಬಿಚ್ಚಲಿಲ್ಲ. ಮಗ್ಗದ ಕಬ್ಬಿಣ ಹಿಡಿದು, ಒಂದು ಕಾಲು ಚಾಚಿ, ಇನ್ನೊಂದನ್ನು ಕೈಯಿಂದ ಎತ್ತಿಕೊಂಡು ನಿಲ್ಲುವಷ್ಟರಲ್ಲಿ ಬಯಾಬಾಯಿ ಅವನ ಮುಖ ನೋಡಿದಳು, ಆಮೇಲೆ ಬೆಕ್ಕನ್ನು ನೋಡಿದಳು. ಅವಳು ಓಡಿಹೋಗಿ ಕಾಂಡಿಯನ್ನು ಎತ್ತಿಕೊಂಡಾಗ ಗಂಟಿನ ಮೇಲಿನ ಕೂದಲು ನೆಕ್ಕಿ ನೆಕ್ಕಿ ಒದ್ದೆಯಾಗಿತ್ತು. ಕಾಂಡಿ ಬಾಯಿ ಚಪ್ಪರಿಸಿದಳು, ಒಂದು ಸಲ ಕೆಮ್ಮಿದಳು.

ಸಾರಿಕಾ ಏನಾಯಿತೆಂದು ಕೇಳಿದಳು. ಜ್ಞಾನು ಹೇಳಿದ. ಅವಳು ಬಯ್ಯಲಿಲ್ಲ, ಕೈಯಲ್ಲಿದ್ದ ಮೊಬೈಲಿನಲ್ಲೇ ಡಾಕ್ಟರಿಗೆ ಫೋನು ಹಚ್ಚಿದಳು. ಡಾಕ್ಟರು ಡಾಗಿನ ಔಷಧದ ಹೆಸರು ಕೇಳಿದರು. ಬಾಟಲಿಯ ಮೇಲೆ ಹೆಸರಿರಲಿಲ್ಲ, ದೊಡ್ಡ ಕ್ಯಾನಿನಿಂದ ತುಂಬಿಸಿಕೊಂಡು ಬಂದದ್ದು. ಮೂಸಿದರೆ ಸೀಮೆಎಣ್ಣೆಯಂಥ ವಾಸನೆ ಎಂದು ಸಾರಿಕಾ ಹೇಳಿದಳು. ವಾಂತಿ ಮಾಡಿಸಬೇಡಿ, ಹಾಲು ಕುಡಿಸಬೇಡಿ, ಇನ್ನು ನೆಕ್ಕಲು ಬಿಡಬೇಡಿ, ಬಾಟಲಿಯನ್ನೂ ತೆಗೆದುಕೊಂಡು ಈಗಲೇ ಹೊರಡಿ ಎಂದರು.

ಕೊಲ್ಹಾಪುರದ ದಾರಿಯಲ್ಲಿ ಹಾತಕಣಂಗಲೆ ದಾಟುವವರೆಗೆ ಕಾಂಡಿ ಬುಟ್ಟಿಯೊಳಗೆ ಕೂಗುತ್ತಿದ್ದಳು. ಆಮೇಲೆ ಕೂಗು ನಿಂತು ಉಸಿರಿನ ಸದ್ದು ಮಾತ್ರ ಉಳಿಯಿತು. ಜ್ಞಾನು ಸೀರೆಯ ತುಂಡಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇತ್ತು. ಒಂದೊಂದಕ್ಕೆ ಎರಡೆರಡು ಗಾಡಿ ಕಟ್ಟಿತ್ತು. ಸಾರಿಕಾ ಹಾರನ್ನು ಬಾರಿಸುತ್ತಲೇ ಇದ್ದಳು, ಅವು ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ.

ಡಾಕ್ಟರ್ ನೂತನ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ ಮೂಗಿಗೆ ಆಮ್ಲಜನಕದ ನಳಿಗೆ ಹಿಡಿದರು. ಕೂದಲು ಕತ್ತರಿಸುವ ಸಣ್ಣ ಯಂತ್ರ ತಂದು ಬಾಲದ ಬುಡಕ್ಕೆ ಹಚ್ಚಿದರು. ಈ ಸಲ ಮಲಗಿಸುವ ಮದ್ದು ಬೇಕಾಗಲಿಲ್ಲ, ಕಾಂಡಿಗೆ ಅಲುಗಾಡುವ ಶಕ್ತಿ ಇರಲಿಲ್ಲ. ಎರಡು ನಿಮಿಷದಲ್ಲಿ ಉಳಿದ ಗಂಟು ಪೂರ್ತಿ ಬಂದು ಮೇಜಿನ ಮೇಲೆ ಬಿತ್ತು. ಜ್ಞಾನು ಅದನ್ನೇ ನೋಡುತ್ತ ನಿಂತ. ಅದು ಅವನ ಅಂಗೈಯ ಅರ್ಧದಷ್ಟೂ ಇರಲಿಲ್ಲ, ಅದರೊಳಗಿನಿಂದ ಇನ್ನೂ ಡಾಗಿನ ಔಷಧದ ವಾಸನೆ ಬರುತ್ತಿತ್ತು.

ಡಾಕ್ಟರು ಆ ಜಾಗವನ್ನು ಸೋಪಿನಿಂದ ತೊಳೆದರು. ಬಾಟಲಿಯನ್ನು ಮೂಸಿ ನೋಡಿದರು. ಇದು ಎಲ್ಲಿ ಸಿಗುತ್ತದೆ, ಎಲ್ಲ ಶೆಡ್ಡಿನಲ್ಲೂ ಇರುತ್ತದೆಯೇ ಎಂದು ಕೇಳಿದರು. ಇರುತ್ತದೆ ಎಂದು ಸಾರಿಕಾ ಹೇಳಿದಳು. ಗೋಡೆಗೆ ಅಂಟಿಸಿದ್ದ, ಬೆಕ್ಕಿಗೆ ಹಚ್ಚಬಾರದ ವಸ್ತುಗಳ ಪಟ್ಟಿಯ ಕೆಳಗೆ ಪೆನ್ನಿನಿಂದ ಮರಾಠಿಯಲ್ಲಿ ಒಂದು ಸಾಲು ಬರೆದರು. ಇದನ್ನು ತಾನು ಹೇಳಿರಲಿಲ್ಲ ಎಂದು ಜ್ಞಾನುವಿಗೆ ಹೇಳಿದರು. ಅವನು, "ನೀವು ಕೇಳ ಅಂದಿದ್ರಿ," ಎಂದು ಕನ್ನಡದಲ್ಲಿ ಅಂದ. ಅವರಿಗೆ ಅದು ಅರ್ಥವಾಗಲಿಲ್ಲ. ಸಾರಿಕಾ ಅದನ್ನು ಮರಾಠಿಯಲ್ಲಿ ಹೇಳಲಿಲ್ಲ.

ಮೂರು ದಿನ ಕಾಂಡಿ ಅಲ್ಲಿಯೇ ಇದ್ದಳು. ಬದುಕಿದಳು. ನಾಲ್ಕನೆಯ ದಿನ ಕುತ್ತಿಗೆಗೆ ಅಗಲವಾದ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು, ಬೋಳಿಸಿದ ಹಸಿ ಚರ್ಮವನ್ನು ನೆಕ್ಕದಿರಲಿ ಎಂದು. ಉಸಿರಿನಲ್ಲಿ ಇನ್ನೂ ಗೊರಗೊರ ಇತ್ತು. ಮೂತ್ರಪಿಂಡ ಮೊದಲಿಗಿಂತ ಸೋತಿದೆ ಎಂದರು. ನೋವಿನ ಔಷಧವನ್ನು ಇನ್ನು ಕೊಡುವಂತಿಲ್ಲ. ಬೇರೆ ಯಾವುದೂ ಇಲ್ಲವೇ ಎಂದು ಸಾರಿಕಾ ಎರಡು ಸಲ ಕೇಳಿದಳು. ಇರುವವೂ ಈಗ ಈಕೆಗೆ ಆಗುವುದಿಲ್ಲ, ಒಂದು ತಿಂಗಳಾದ ಮೇಲೆ ರಕ್ತ ನೋಡೋಣ, ಅಲ್ಲಿಯವರೆಗೆ ಬೆಚ್ಚಗಿಡಿ ಎಂದರು.

ಗಂಗುಬಾಯಿ ಬಂದು ನೋಡಿದಳು. ಬೆಕ್ಕಿನ ಕುತ್ತಿಗೆಯ ಪಟ್ಟಿಯನ್ನೂ ಜ್ಞಾನುವಿನ ಮುಖವನ್ನೂ ನೋಡಿ, ತಂದಿದ್ದ ಒಣಮೀನಿನ ಚೂರನ್ನು ಬಯಾಬಾಯಿಯ ಕೈಗೆ ಕೊಟ್ಟು ಹೋದಳು. ಅವಳು ಹೋದ ಮೇಲೆ ಜ್ಞಾನು ಗೋಡೆಯ ಕಡೆ ಮುಖ ಮಾಡಿ ಕೂತು, ಹತ್ತು ನಿಮಿಷ ಮೀರಿದ್ದರೆ ಆಗುತ್ತಿತ್ತು, ಅಂದೇ ಪೂರ್ತಿ ತೆಗೆದಿದ್ದರೆ ಆಗುತ್ತಿತ್ತು ಎಂದ. ಇದನ್ನು ಅವನು ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ. ಬಯಾಬಾಯಿ ಒಣಮೀನನ್ನು ನೀರಿನಲ್ಲಿ ನೆನೆಹಾಕುತ್ತಿದ್ದಳು.

"ನೀವೊಬ್ಬರ ಮಾಡಿಲ್ಲ," ಎಂದಳು. "ಬುಡಾ ನಾ ಹಿಡಕೊಂಡಿದ್ದೆ."

ಮೊದಲ ಎರಡು ದಿನ ಕಾಂಡಿ ಪಟ್ಟಿಯೊಂದಿಗೆ ಜಗಳವಾಡಿದಳು. ಹೊರಳಿ ಹಿಂದೆ ನೆಕ್ಕಲು ಹೋಗುವಳು, ನಾಲಿಗೆ ಪ್ಲಾಸ್ಟಿಕ್ಕಿಗೆ ತಾಗುವುದು. ಪ್ಲಾಸ್ಟಿಕ್ಕನ್ನೇ ನೆಕ್ಕುವಳು. ಜ್ಞಾನುವಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. ಮೂರನೆಯ ದಿನ ಹೊರಳುವುದು ಕಡಿಮೆಯಾಯಿತು. ಮೈಯಲ್ಲಿ ಉಳಿದಿದ್ದ ನೋವಿನ ಔಷಧ ಇಳಿಯುತ್ತಿತ್ತು. ಐದನೆಯ ದಿನ ಅವಳು ಡಬ್ಬಿಯ ಹತ್ತಿರ ಹೋದಳು, ಕಾಲೆತ್ತಲಿಲ್ಲ, ಅಲ್ಲೇ ಅದಕ್ಕೆ ಒರಗಿ ಮಲಗಿದಳು. ಜ್ಞಾನು ಅವಳನ್ನು ಎತ್ತಿ ಹಲಗೆಯ ಮೇಲೆ, ಮೋಟಾರಿನ ಬಿಸಿಗೆ ಇಟ್ಟ. ಎತ್ತುವಾಗ ಅವಳು ನರಳಿದಳು.

ವಾರವಾಯಿತು. ಚರ್ಮ ಒಣಗಿತ್ತು. ಬಯಾಬಾಯಿ ಪಟ್ಟಿಯ ಗುಂಡಿಯ ಮೇಲೆ ಬೆರಳಿಟ್ಟು, "ಇದನ್ನ ತಗೀಲೇನ್ರಿ?" ಎಂದು ಕೇಳಿದಳು. "ಇನ್ನೂ ಮೂರ ದಿನ ಇರಲಿ ಅಂದಾರ ಡಾಕ್ಟರು."

ಜ್ಞಾನು ಬೆಕ್ಕನ್ನು ನೋಡಿದ. ಅವಳು ಮುಂಗಾಲು ನೆಕ್ಕಿಕೊಳ್ಳಲು ಪಟ್ಟಿಯೊಳಗೇ ತಡಕಾಡುತ್ತಿದ್ದಳು.

"ತಗಿ," ಎಂದ. "ಹಿಂದಕ್ಕ ಹೊರಳಾಕ ಈಗ ಆಕಿಗೆ ಬರೂದಿಲ್ಲ."

ಬಯಾಬಾಯಿ ಪಟ್ಟಿ ಬಿಚ್ಚಿದಳು. ಕಾಂಡಿ ತಲೆ ಕೊಡವಿ, ಎರಡೂ ಮುಂಗಾಲು ನೆಕ್ಕಿದಳು, ಎದೆ ನೆಕ್ಕಿದಳು. ಸೊಂಟದ ಕಡೆ ತಿರುಗಲು ಹೋಗಿ ಅರ್ಧದಲ್ಲಿ ನಿಂತಳು, ಅಷ್ಟಕ್ಕೇ ಬಿಟ್ಟು ಗದ್ದವನ್ನು ಹಲಗೆಗೆ ಊರಿದಳು.

ಇಬ್ಬರೂ ಅವಳ ಆಚೀಚೆ ಕೂತರು. ಬಿಡಿಸಲು ಈಗ ಗಂಟು ಒಂದೂ ಇರಲಿಲ್ಲ. ಬೋಳು ಜಾಗದಲ್ಲಿ ಸಣ್ಣ ಕೂದಲು ಚಿಗುರುತ್ತಿತ್ತು, ಅದರ ಮೇಲೆ ಶೆಡ್ಡಿನ ಧೂಳು ಆಗಲೇ ಬಿಳಿಯ ಪದರವಾಗಿ ಕೂತಿತ್ತು. ಬಯಾಬಾಯಿ ಒದ್ದೆ ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಧೂಳನ್ನು ಒಂದು ಕಡೆಗೆ ಸರಿಸಿದಳು, ಜ್ಞಾನು ಒಂದೊಂದು ಎಳೆಯನ್ನೂ ಉಗುರಿನಿಂದ ಆರಿಸಿ ತೆಗೆದ. ಸಾರಿಕಾಳ ಗಂಟೆ ಬಾರಿಸಿತು. ಅವನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ತುಷಾರ ಅಷ್ಟು ಹೊತ್ತು ನಿಲ್ಲಿಸಿದ್ದ ಮಗ್ಗವನ್ನು ಮತ್ತೆ ಶುರುಮಾಡಿದ, ಧೂಳು ಮತ್ತೆ ಬೀಳತೊಡಗಿತು.